ಟ್ಯಾಂಕಿನೊಳಗೆ ಐದು ಗಂಟೆ

ಉಕ್ಕಿನ ಟ್ಯಾಂಕಿನ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ವಿಕಿರಣ ಹಾಯಿಸಿ ಫಿಲಂ ತೆಗೆಯುವುದು ಭಾವ-ಭಾಮೈದರ ಕೆಲಸ. ಭಾವ ಹೊರಗೆ ಹಿಡಿಕೆ ತಿರುಗಿಸಿದರೆ, ದಪ್ಪ ಕವಚದ ಪೆಟ್ಟಿಗೆಯಲ್ಲಿ ತಂತಿಯ ಕೊಂಡಿಗೆ ಸಿಕ್ಕಿಸಿಟ್ಟ, ವಿಕಿರಣ ಸೂಸುವ ಇರಿಡಿಯಂ ತುಣುಕು ಕೊಳವೆಯೊಳಗೆ ಸಾಗಿ ಬೆಸುಗೆಯ ಬಳಿ ಹೋಗುತ್ತದೆ. ಹಿಂದಕ್ಕೆ ತಿರುಗಿಸಿದರೆ ಪೆಟ್ಟಿಗೆಗೆ ಮರಳುತ್ತದೆ. ಆಮೇಲೆ ಟ್ಯಾಂಕಿಗೆ ಇಳಿದು ಫಿಲಂ ಬದಲಿಸುವುದು ಭಾಮೈದನ ಪಾಲು. ಸಣ್ಣ ಕಿಂಡಿಯಲ್ಲೂ ಸಲೀಸಾಗಿ ನುಸುಳುವ ಗಿಡ್ಡ ಆಳು. ಎಲ್ಲರ ಬಾಯಲ್ಲೂ ಕುಳ್ಳ.

ಕುಳ್ಳನ ಎದೆಯ ಮೇಲೆ ಎರಡು ವಸ್ತು. ಒಂದು ಬ್ಯಾಡ್ಜು. ಮೈಗೆ ತಗುಲಿದ ವಿಕಿರಣವೆಷ್ಟೆಂದು ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯದವರು ಅದರಿಂದ ತಿಳಿಯುತ್ತಾರೆ. "ಊಟ ಮುಗಿದ ಮೇಲೆ ಉಪ್ಪಿಲ್ಲ ಅನ್ನೋ ನೆಂಟ ಇದು," ಎಂದು ಭಾವ ನಗುತ್ತಿದ್ದ. ಇನ್ನೊಂದು, ಬೆಂಕಿಪೊಟ್ಟಣದಷ್ಟು ಅಲಾರಂ. ಅದು ಆಗಿಂದಾಗಲೇ ಅಂಕಿ ತೋರಿಸಿ ಕಿರುಚುತ್ತದೆ.

ಅಂದು ಭಾವನ ಕೈಯಲ್ಲಿದ್ದ ವಿಕಿರಣ ಅಳೆಯುವ ಮೀಟರಿನ ಸೆಲ್ಲು ಸತ್ತಿತ್ತು. "ಪೂರ್ತಿ ಸುತ್ತಿದ್ದೀನಿ, ಪೆಟ್ಟಿಗೆ ಸೇರಿದೆ. ಇಳಿಯೋ," ಎಂದ. ಕುಳ್ಳ ಇಳಿದ. ಅಲಾರಂ ಆಗಾಗ ಟಿಕ್ಕೆಂದರೂ ಮಾಮೂಲೆಂದುಕೊಂಡು ಕೊಳವೆಯ ತುದಿಯನ್ನೆತ್ತಿದ. ಒಳಗೆ ಏನೋ ಸರಕ್ಕನೆ ಜಾರಿತು. ಕೊಂಡಿ ಕಳಚಿ, ತಂತಿ ಮಾತ್ರ ಮರಳಿತ್ತು. ತುದಿಯಲ್ಲಿ ವಿಕಿರಣ ತಡೆಯುವ ಲೋಹದ ಟೊಪ್ಪಿಗೆಯೊಳಗೆ ಉಳಿದಿದ್ದ ತುಣುಕು ಈಗ ಜಾರಿ ಏಣಿಯ ಬುಡದಲ್ಲಿದ್ದ ಕೊಳವೆಯ ಸುರುಳಿಯಲ್ಲಿ ನಿಂತಿತು.

ಅಲಾರಂ ಕಿವಿ ಒಡೆಯುವಂತೆ ಕಿರುಚಿತು.

ಕುಳ್ಳ ಎದ್ದುಬಿದ್ದು ಆಚೆ ಮೂಲೆಗೆ ಓಡಿದ. ಕಿರುಚಾಟ ನಿಲ್ಲಲಿಲ್ಲ. ಎಡಕ್ಕೆ ಸರಿದ, ಹೆಚ್ಚಾಯಿತು. ಬಲಕ್ಕೆ ಸರಿದ, ಇಳಿಯಿತು. ಯಂತ್ರ ಕೂರಿಸಲೆಂದು ಬೆಸೆದಿದ್ದ ಮೊಳದಷ್ಟು ದಪ್ಪ ಉಕ್ಕಿನ ದಿಮ್ಮಿಯ ಹಿಂದೆ ಕುಕ್ಕರಿಸಿದಾಗ ಮಾತ್ರ ಬಿಡಿಬಿಡಿ ಟಿಕ್ಕುಗಳಿಗೆ ಇಳಿಯಿತು. ಕೈ ಚಾಚಿ ಅಲಾರಂ ದಿಮ್ಮಿಯಾಚೆ ಹಿಡಿದರೆ ಮತ್ತೆ ಚೀರಾಟ.

"ಭಾವಾ! ಕೊಂಡಿ ಬಿಟ್ಟಿದೆ! ಏಣಿ ಕೆಳಗೇ ಇದೆ!"

"ಒಂದೇ ಉಸಿರಿಗೆ ಹತ್ತಿಬಿಡೋ! ನಾನು ಕೈ ಕೊಡ್ತೀನಿ!"

ಹನ್ನೆರಡು ಮೆಟ್ಟಿಲು. ಹತ್ತಲು ಹೋದರೆ ತುಣುಕು ಕಾಲಿಗೆ ತಗುಲುವಷ್ಟು ಹತ್ತಿರ. ಕುಳ್ಳನಿಗೆ ಓಡಬೇಕೆನಿಸಿತು, ಅಂಕಿ ನೋಡಿ ಕೂತ. "ಆಗಲ್ಲ ಭಾವ. ನೀವೂ ಕಿಂಡಿ ಹತ್ರ ನಿಲ್ಲಬೇಡಿ. ಮೇಡಮ್ಮಿಗೆ ಫೋನ್ ಮಾಡಿ!"

ಸುರಕ್ಷತಾಧಿಕಾರಿ ಮೇಡಂ ಬಂದು ದೂರದಿಂದಲೇ ಧ್ವನಿವರ್ಧಕದಲ್ಲಿ ಕೂಗಿದರು: "ಅಲ್ಲೇ ಇರಪ್ಪ. ಕಾಲು ಗಂಟೆಗೊಮ್ಮೆ ಅಂಕಿ ಕೂಗಿ ಹೇಳು."

ಅವನು ಕೂಗಿ ಹೇಳುತ್ತ ಹೋದ. ಗಂಟಲು ಒಣಗಿತು, ಕಾಲು ಜೋಮು ಹಿಡಿಯಿತು. ಮೂತ್ರ ತಡೆಯಲಾಗದೆ ಕೂತಲ್ಲೇ ಆಯಿತು. ಈ ಪುಟ್ಟ ಡಬ್ಬಿಯೇ ಸುಳ್ಳು ಹೇಳುತ್ತಿದ್ದರೆ?

ಐದನೆಯ ಗಂಟೆಗೆ ಮೇಲಿನಿಂದ ಉದ್ದನೆಯ ಇಕ್ಕಳ ಇಳಿಯಿತು. ಕೊಳವೆ ಸುರುಳಿ ಬಿಚ್ಚಿಕೊಳ್ಳುತ್ತ ಮೇಲೇರಿ, ಸೀಸದ ಕೊಪ್ಪರಿಗೆ ಸೇರಿತು. ಅಲಾರಂ ಮೌನವಾಯಿತು. ಕುಳ್ಳನಿಗೆ ಏಳಲಾಗದೆ ಇಬ್ಬರು ಇಳಿದು ಎತ್ತಬೇಕಾಯಿತು.

ಅಲಾರಂ ಡಬ್ಬಿ ತೋರಿಸಿದ ಒಟ್ಟು ಲೆಕ್ಕ ಈ ಕೆಲಸದವರಿಗೆ ಇಟ್ಟ ವಿಕಿರಣದ ಮಿತಿಯೊಳಗೇ ಇತ್ತು. "ಓಡಿದ್ದರೆ ಕಾಲು ಸುಟ್ಟುಹೋಗ್ತಿತ್ತು," ಎಂದರು ಮೇಡಂ.

ಭಾವ ತಲೆ ತಗ್ಗಿಸಿ, "ಮೀಟರ್ ಸತ್ತಿತ್ತು ಮೇಡಂ. ಗೊತ್ತಿದ್ದೂ ಇಳಿಸಿದೆ," ಎಂದ. ಆರು ತಿಂಗಳು ಅವನ ಪರವಾನಗಿ ಹೋಯಿತು.

ಮನೆಯಲ್ಲಿ ಅಕ್ಕ ಮೂರು ದಿನ ಇಬ್ಬರಿಗೂ ತಟ್ಟೆ ಕುಕ್ಕಿ ಹೋದಳು. ಬಚ್ಚಲಿನ ಬಾಗಿಲಿಗೆ ಅಗಳಿ ಹಾಕಲು ಕುಳ್ಳನಿಗೆ ಎಷ್ಟೋ ವಾರ ಧೈರ್ಯ ಬರಲಿಲ್ಲ. ಅಕ್ಕನೇ ಹೊರಗೆ ಕಾವಲು ನಿಂತು ಗದರುತ್ತಿದ್ದಳು: "ಬೇಗ ಬಾರೋ, ನನಗೂ ಕೆಲಸ ಇದೆ!"