ಹೆಸರು ಹೇಳಬಾರದ ಸೊಪ್ಪು

ಊರು ಬಿಡುವಾಗ ಗಾಡಿಗೆ ಏನು ಬೇಕಾದರೂ ಹೇರಬಹುದು. ಬೀಸುವ ಕಲ್ಲು ಹೇರಬಹುದು, ಸಜ್ಜೆ ಮೂಟೆ ಹೇರಬಹುದು, ಕಾವಿಗೆ ಕೂತ ಕೋಳಿಯನ್ನು ಮೊಟ್ಟೆ ಸಮೇತ ಹೇರಬಹುದು. ಆದರೆ ಹನ್ನೆರಡು ವರ್ಷದಿಂದ ಗಂಡನ ಉಬ್ಬಸಕ್ಕೆ ಮದ್ದು ಕೊಡುತ್ತಿದ್ದ ವೈದ್ಯನನ್ನು ಹೇಗೆ ಹೇರುವುದು? ಮೊಳಕಾಲ್ಮೂರಿನ ಮುದ್ದಕ್ಕನಿಗೆ ಬಂದ ಫಜೀತಿ ಇದೇ.

ಆಗ ಸಾವಿರದ ಒಂಬೈನೂರ ಎಂಟೋ ಒಂಬತ್ತೋ ಇರಬೇಕು. ಚಳ್ಳಕೆರೆಯಲ್ಲಿದ್ದ ಅವಳ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಅವನ ಹೊಲ ನೋಡಿಕೊಳ್ಳಲು ಗಂಡ ತಿಪ್ಪಯ್ಯನ ಜೊತೆ ಅಲ್ಲಿಗೇ ಹೋಗಿ ನೆಲೆಸಬೇಕಿತ್ತು. ಎತ್ತಿನ ಗಾಡಿಯಲ್ಲಿ ಎರಡು ದಿನದ ದಾರಿ. ತಿಪ್ಪಯ್ಯನ ಉಬ್ಬಸವೋ ಅಂತಿಂಥದ್ದಲ್ಲ. ಅವನು ಒಂದು ಸಲ ಉಸಿರೆಳೆದರೆ, ಯಾರೋ ಪೀಪಿ ಊದಿದರೆಂದು ನುಂಕೆಮಲೆ ಬೆಟ್ಟದ ಕೋತಿಗಳೆಲ್ಲ ಮದುವೆ ಊಟಕ್ಕೆ ಕೆಳಗಿಳಿದು ಬರುತ್ತಿದ್ದವಂತೆ.

ಹೊರಡುವ ಮುಂಚೆ ಮುದ್ದಕ್ಕ ವೈದ್ಯ ಬೊಮ್ಮಲಿಂಗಪ್ಪನ ಮನೆಗೆ ಹೋದಳು.

"ನೀವೂ ಗಾಡಿ ಹತ್ತಿಬಿಡ್ರಿ ವೈದ್ಯರೇ. ಅಲ್ಲಿ ನಮಗೆ ಯಾರು ಗೊತ್ತು?"

"ಏಮಮ್ಮಾ, ನಾನೇನು ಕೋಳಿನಾ, ಬುಟ್ಟಿ ಮುಚ್ಚಿ ಹೊತ್ಕೊಂಡ್ ಹೋಗಾಕೆ?" ಎಂದು ನಕ್ಕ ವೈದ್ಯ, ಒಣಸೊಪ್ಪಿನ ಪುಡಿಯ ಒಂದು ಗಂಟು ಕೊಟ್ಟ. "ಉಸ್ರು ಕಟ್ಟಿದಾಗ ಒಂದೇ ಒಂದು ಚಿಟಿಕೆ. ಕೆಂಡದ ಮ್ಯಾಲೆ ಹಾಕಿ ಹೊಗೆ ತಗಳ್ಳಿ. ಜಾಸ್ತಿ ಬ್ಯಾಡ. ಇನ್ನೊಂದು ಮಾತು, ಇದರ ಸುದ್ದಿ ಯಾರ ಮುಂದೂ ಎತ್ತಬ್ಯಾಡ್ರಿ. ಬಾಯಿಬಿಟ್ರೆ ಮದ್ದಿನ ಗುಣ ಹೋಗ್ತೈತೆ."

ಅದು ಯಾವ ಸೊಪ್ಪು ಅನ್ನುವುದು ಮುದ್ದಕ್ಕನಿಗೂ ಗೊತ್ತಿರಲಿಲ್ಲ. ತಿಳಿಯಬೇಕು ಅನ್ನುವ ಆಸೆ ಮಾತ್ರ ಹನ್ನೆರಡು ವರ್ಷದಿಂದ ಹೊಟ್ಟೆಯಲ್ಲಿ ಇಲಿಯ ಹಾಗೆ ಓಡಾಡುತ್ತಿತ್ತು. ಮೂಸಿ ನೋಡಿದ್ದಳು, ಬಿಸಿಲಿಗೆ ಹಿಡಿದು ನೋಡಿದ್ದಳು, ಆಡಿನ ಮುಂದೆ ಒಡ್ಡಿಯೂ ನೋಡಿದ್ದಳು. ಆಡು ಮುಖ ತಿರುಗಿಸಿಕೊಂಡು ಹೋಗಿತ್ತು.

ಚಳ್ಳಕೆರೆಗೆ ಬಂದು ತಿಂಗಳಾಗುವುದರೊಳಗೆ ಉಬ್ಬಸ ಎರಡರಷ್ಟಾಯಿತು. ಪಕ್ಕದ ಮನೆಯ ಹುಚ್ಚಕ್ಕ ಕಂಬಳಿಗೆ ಕುರಿ ಉಣ್ಣೆ ಹಿಂಜುವವಳು. ಗಾಳಿ ಬೀಸಿದರೆ ಉಣ್ಣೆಯ ಧೂಳೆಲ್ಲ ಇವರ ಅಂಗಳದಲ್ಲಿ. ಗಂಟೋ ದಿನದಿನಕ್ಕೆ ಕರಗುತ್ತಿತ್ತು.

"ಎಷ್ಟು ದಿನ ಹಿಂಗೆ ಕುಯ್ಯೋ ಅಂತ ಕೂತ್ಕಂತೀಯಣ್ಣಾ?" ಎಂದು ಹುಚ್ಚಕ್ಕ ಗೋಡೆಯಾಚೆಯಿಂದಲೇ ಕೇಳಿದಳು. "ಸರ್ಕಾರಿ ದವಾಖಾನೆ ಐತೆ. ಮುರುಗೇಂದ್ರಪ್ಪ ಡಾಕ್ಟ್ರು ಒಳ್ಳೇರು. ನನ್ನ ಸೊಂಟ ಹಿಡ್ದಿದ್ದು ಬಿಡಿಸಿದ್ರು."

"ಆ ಡಾಕ್ಟ್ರಿಗೆ ನನ್ನ ಉಬ್ಬಸದ ಗುರ್ತು ಐತೇನಮ್ಮಾ? ನೆನ್ನೆ ಮೊನ್ನೆ ನೋಡ್ದೋರಿಗೆ ಹನ್ನೆರಡು ವರ್ಷದ್ದು ಏನು ತಿಳೀತೈತೆ?"

"ಹೇಳಿದ್ರೆ ತಿಳೀತೈತೆ. ಹೇಳದೆ ತಿಳಿಯಾಕೆ ಅವ್ರೇನು ಕಣಿ ಹೇಳೋರಾ?"

ಮುದ್ದಕ್ಕ ಗೋಗರೆದ ಮೇಲೆ ತಿಪ್ಪಯ್ಯ ಹೊರಟ. ದಾರಿಯಲ್ಲೇ ಹೆಂಡತಿಗೆ ತಾಕೀತು ಮಾಡಿದ. "ಲೇ, ಗಂಟಿನ ಸುದ್ದಿ ಎತ್ತಿದ್ರೆ ನೋಡು. ಇರೋ ಮದ್ದೂ ಸತ್ತೋಗ್ತೈತೆ."

ಡಾಕ್ಟರು ಉಬ್ಬಸ ಎಷ್ಟು ವರ್ಷದ್ದು ಎಂದು ವಿಚಾರಿಸಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಬೆನ್ನು ತಟ್ಟಿ ನೋಡಿದರು. "ಇಲ್ಲೀ ತನಕ ಯಾವ ಔಷಧಿ ತಗೊಂಡಿದ್ದೀಯಪ್ಪಾ?"

"ಏನೂ ಇಲ್ಲ ಸ್ವಾಮಿ."

"ಹನ್ನೆರಡು ವರ್ಷ ಏನೂ ಇಲ್ಲದೆ?"

"ದೇವರು ನಡೆಸ್ದ ಸ್ವಾಮಿ."

ಡಾಕ್ಟರು ಕಾಗದದಲ್ಲಿ ಪುಡಿ ಕಟ್ಟಿ ಕೊಟ್ಟರು. ಕೆಂಡದ ಮೇಲೆ ಒಂದು ಚಿಟಿಕೆ ಹಾಕಿ ಹೊಗೆ ತೆಗೆದುಕೊಳ್ಳಬೇಕು, ಅಷ್ಟೇ. ಅರೆ, ಇದೂ ನಮ್ಮ ವೈದ್ಯರು ಹೇಳಿದ ಹಾಗೇ ಇದೆಯಲ್ಲ ಎಂದು ಮುದ್ದಕ್ಕನಿಗೆ ಅನ್ನಿಸಿತು. ಕೇಳೋಣವೆಂದು ಬಾಯಿ ತೆರೆದಳು. ಗಂಡ ಕಣ್ಣು ಕೆಕ್ಕರಿಸಿದ. ಬಾಯಿ ಮುಚ್ಚಿದಳು.

ಮಾರನೆಯ ದಿನ ಮಧ್ಯಾಹ್ನ ಮತ್ತೆ ಉಸಿರು ಕಟ್ಟಿತು. ತಿಪ್ಪಯ್ಯ ಡಾಕ್ಟರ ಪುಡಿಯನ್ನು ಕೆಂಡಕ್ಕೆ ಹಾಕಿದ. ಅದರ ಮೇಲೆ ಗಂಟಿನ ಪುಡಿಯನ್ನೂ ಸುರಿದ. ಮುದ್ದಕ್ಕ ಬೇಡ ಅನ್ನುವುದರೊಳಗೆ ಚಿಟಿಕೆಯಲ್ಲ, ಹಿಡಿ ಹಿಡಿ. "ಎರಡೂ ಸೇರಿದ್ರೆ ರೋಗ ಚಳ್ಳಕೆರೆ ಬಿಟ್ಟು ಓಡ್ತೈತೆ" ಎಂದು ತಲೆ ಮೇಲೆ ಕಂಬಳಿ ಮುಚ್ಚಿಕೊಂಡು ಹೊಗೆಯೆಳೆದ.

ಸ್ವಲ್ಪ ಹೊತ್ತಿಗೆ ಕಂಬಳಿ ಸರಿಸಿ ಎದ್ದವನು ಬೀಸುವ ಕಲ್ಲಿಗೆ ಕೈ ಮುಗಿದ. "ಬರ್ರಿ ಬೀಗರೇ, ಯಾವಾಗ ಬಂದ್ರಿ? ಬಿಸಿಲಲ್ಲಿ ಯಾಕೆ ಕುಂತ್ರಿ?" ಅಂದ. ಮುದ್ದಕ್ಕನಿಗೆ ನಗು ಬಂತು. ಬೀಗರಿಗೆ ಎಲೆಯಡಿಕೆ ಕೊಟ್ಟ. ಅವರು ತೆಗೆದುಕೊಳ್ಳಲಿಲ್ಲವೆಂದು ಕೋಪ ಮಾಡಿಕೊಂಡ. ಆಮೇಲೆ ಗಾಳಿಯಲ್ಲಿ ಇಲ್ಲದ ನೂಲನ್ನು ಹೆಕ್ಕತೊಡಗಿದ. ಮುಖ ಕೆಂಡದ ಹಾಗೆ ಕೆಂಪು, ತುಟಿ ಒಣಗಿ ಬಿರುಕು. ಹೆಂಡತಿಯ ಕಡೆ ತಿರುಗಿ, "ನೀನ್ಯಾರಮ್ಮಾ?" ಅಂದಾಗ ಅವಳ ನಗು ಎದೆಯಲ್ಲೇ ನಿಂತುಹೋಯಿತು.

"ಹುಚ್ಚಕ್ಕಾ, ಬಾರೇ! ಇವ್ರಿಗೆ ಏನೋ ಆಗೈತೆ!"

ಹುಚ್ಚಕ್ಕ ಉಣ್ಣೆ ಕೈಯಲ್ಲೇ ಓಡಿ ಬಂದು ಅವನನ್ನು ಗಟ್ಟಿಯಾಗಿ ಹಿಡಿದು ಕೂರಿಸಿದಳು. "ನಾನು ಹಿಡ್ಕಂಡಿರ್ತೀನಿ, ನೀನು ದವಾಖಾನೆಗೆ ಓಡು. ಏನ್ ಹಾಕಿದ್ದ ಕೆಂಡಕ್ಕೆ?"

ಮುದ್ದಕ್ಕ ಗಂಟಿನ ಕಡೆ ನೋಡಿದಳು. ಸುದ್ದಿ ಎತ್ತಿದರೆ ಮದ್ದು ಸಾಯುತ್ತದೆ. ಎತ್ತದಿದ್ದರೆ? ಮದ್ದು ಸತ್ತರೆ ಸಾಯಲಿ ಎಂದು ಗಂಟನ್ನೂ ಕಾಗದದ ಪುಡಿಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ಓಡಿದಳು. ಅವಳು ಓಡಿದ ರಭಸಕ್ಕೆ ಗಾಣದ ಎತ್ತುಗಳು ಕಣ್ಣಿನ ಪಟ್ಟಿ ಜಾರಿಸಿಕೊಂಡು ನೋಡಿದವಂತೆ.

"ಸ್ವಾಮಿ, ಸುಳ್ಳು ಹೇಳಿದ್ವಿ. ಇದು ಹನ್ನೆರಡು ವರ್ಷದಿಂದ ತಗಳೋ ಮದ್ದು. ಎರಡೂ ಕೂಡಿಸಿ ಹೊಗೆ ಕುಡಿದವ್ರೆ. ನನ್ನ ಗುರ್ತೇ ಸಿಗ್ತಿಲ್ಲ ಅವ್ರಿಗೆ!"

ಡಾಕ್ಟರು ಗಂಟು ಬಿಚ್ಚಿದರು. "ಕಣ್ಣು ಹೆಂಗಿದೆ?"

"ಕಪ್ಪು ಗುಡ್ಡೆ ಕಣ್ಣೆಲ್ಲಾ ತುಂಬೈತೆ ಸ್ವಾಮಿ."

ಪುಡಿಯೊಳಗಿಂದ ಅವರು ಮುಳ್ಳುಮುಳ್ಳಾದ ಕಾಯಿಸಿಪ್ಪೆಯ ಚೂರೊಂದನ್ನು ಎತ್ತಿ ಹಿಡಿದರು. "ಉಮ್ಮತ್ತಿ, ದತ್ತೂರಿ ಗಿಡ! ನಾನು ಕೊಟ್ಟ ಪುಡಿಯಲ್ಲಿರೋದೂ ಇದೇ ಸೊಪ್ಪು, ತಾಯಿ. ಅಳತೆ ಮೀರಿದ್ರೆ ವಿಷ. ನಡಿ, ಮನೆಗೆ ಹೋಗೋಣ."

ಹನ್ನೆರಡು ವರ್ಷ ಹುಡುಕಿದ ಹೆಸರು ಸಿಕ್ಕಿತ್ತು. ಆದರೆ ಸಂತೋಷಪಡಲು ಪುರುಸೊತ್ತೆಲ್ಲಿ?

ಡಾಕ್ಟರು ಕೆಂಡ ಆರಿಸಿದರು, ತಿಪ್ಪಯ್ಯನನ್ನು ಗಾಳಿಯಾಡುವ ನೆರಳಿನಲ್ಲಿ ಮಲಗಿಸಿದರು, ಹಣೆಗೆ ಒದ್ದೆ ಬಟ್ಟೆ ಹಾಕಿಸಿದರು, ಪಕ್ಕದಲ್ಲೇ ನಾಡಿ ಹಿಡಿದು ಕೂತರು. ಮಾರನೆಯ ದಿನ ಬೆಳಿಗ್ಗೆ ಅವನು ಕಣ್ಣು ಬಿಟ್ಟು, "ಮುದ್ದೀ, ನೀರು ಕೊಡೇ" ಅಂದಾಗ ಮುದ್ದಕ್ಕನಿಗೆ ಹೋದ ಜೀವ ಬಂತು.

"ಹಂಗಾದ್ರೆ ನಮ್ಮ ವೈದ್ಯರು ಕೊಟ್ಟಿದ್ದು ತಪ್ಪಾ ಸ್ವಾಮಿ?" ಎಂದು ಕೇಳಿದಳು.

"ಅವರಿಗೆ ರೋಗದ ಗುರುತು ಚೆನ್ನಾಗೇ ಇತ್ತಮ್ಮ. ನೀವು ನನ್ನ ಹತ್ರ ಮುಚ್ಚಿಟ್ಟಿದ್ದು ತಪ್ಪು. ಮೊದಲೇ ಹೇಳಿದ್ರೆ, ಎರಡರಲ್ಲಿ ಒಂದು ಸಾಕು ಅಂತಿದ್ದೆ."

ಆಮೇಲೆ ಡಾಕ್ಟರು ಬಿಡಲಿಲ್ಲ. ಉಬ್ಬಸ ಯಾವ ಹೊತ್ತಿಗೆ ಹೆಚ್ಚು, ಯಾವ ಕಾಲಕ್ಕೆ, ಏನು ತಿಂದರೆ ಒಗ್ಗುವುದಿಲ್ಲ, ಊರು ಬಿಟ್ಟ ಮೇಲೆ ಏನು ಬದಲಾಯಿತು ಎಂದು ಒಂದೊಂದಾಗಿ ಕೇಳಿದರು. ಮುದ್ದಕ್ಕನ ಮಾತಿನ ಕಣಜವೇ ತೆರೆಯಿತು. ಉಣ್ಣೆಯ ಧೂಳೂ ಹೊರಗೆ ಬಂತು. ಹುಚ್ಚಕ್ಕ ಅವತ್ತೇ ಉಣ್ಣೆ ಹಿಂಜುವ ಜಾಗವನ್ನು ಹಿತ್ತಿಲಾಚೆಗೆ ಬದಲಿಸಿದಳು. ಡಾಕ್ಟರು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟು, ಗಂಟನ್ನು ತಾವೇ ಇಟ್ಟುಕೊಂಡರು.

ತಿಪ್ಪಯ್ಯ ಮಾತ್ರ ಮುಖ ಸಪ್ಪಗೆ ಮಾಡಿಕೊಂಡ. "ಹೆಸರೇ ಹೇಳಿಬಿಟ್ರಲ್ಲ ಸ್ವಾಮಿ. ಇನ್ನು ನಿಮ್ಮ ಪುಡೀನೂ ಸತ್ತಂಗೇ."

ಎಂಟು ದಿನ ಬಿಟ್ಟು ಬೆಳಗಿನ ಹೊತ್ತು ಮತ್ತೆ ಉಸಿರು ಕಟ್ಟಿತು. ಮುದ್ದಕ್ಕ ಡಾಕ್ಟರು ಹೇಳಿದಷ್ಟೇ ಒಂದು ಚಿಟಿಕೆ ಪುಡಿ ತೆಗೆದಳು. ಕೆಂಡಕ್ಕೆ ಹಾಕುವ ಮುಂಚೆ ಅದನ್ನು ಬಾಯಿಯ ಹತ್ತಿರ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಉಮ್ಮತ್ತೀ! ಉಮ್ಮತ್ತೀ! ಉಮ್ಮತ್ತೀ!"

"ಅಯ್ಯೋ, ಕೊಂದ್ಯಲ್ಲೇ ಮದ್ದನ್ನ!" ಎಂದು ತಿಪ್ಪಯ್ಯ ಏದುಸಿರಿನಲ್ಲೇ ಬೈದ.

"ಸತ್ತೈತೋ ಬದುಕೈತೋ ನೋಡೇ ಬಿಡಾನ, ಎಳೀರಿ."

ಎಳೆದ. ಉಸಿರಿನ ಸಿಳ್ಳೆ ಮೆಲ್ಲಗೆ ಇಳಿಯಿತು. ಎದೆ ಹಗುರಾಯಿತು. ತಿಪ್ಪಯ್ಯ ಹೆಂಡತಿಯ ಮುಖವನ್ನೊಮ್ಮೆ, ಕೆಂಡವನ್ನೊಮ್ಮೆ ನೋಡಿ, "ಕೂಗಿದ್ಕೆ ಮದ್ದು ಇನ್ನೂ ಜೋರಾಗೈತಲ್ಲೇ!" ಅಂದ.

ಅಕ್ಕಂದಿರೇ, ಅಣ್ಣಂದಿರೇ, ಉಮ್ಮತ್ತಿ ವಿಷದ ಗಿಡ, ಕಥೆ ಕೇಳಿ ನೀವು ಹೊಗೆ ಹಾಕಲು ಹೋಗಬೇಡಿ. ಉಬ್ಬಸಕ್ಕೆ ಇವತ್ತು ಬೇರೆ ಒಳ್ಳೆಯ ಔಷಧಿಗಳಿವೆ. ಆದರೆ ಉಬ್ಬಸವೋ, ಸಕ್ಕರೆ ಕಾಯಿಲೆಯೋ, ಬಿಪಿಯೋ, ಮೂರ್ಛೆಯೋ ಇದ್ದವರು ಊರು ಬದಲಿಸಿದರೆ, ಹಳೆಯ ಔಷಧಿ ಮುಗಿಯುವ ಮುಂಚೆಯೇ ಹೊಸ ಊರಿನ ಡಾಕ್ಟರನ್ನು ಕಾಣಿ. ಹಳೆಯ ಚೀಟಿ, ಮಾತ್ರೆಯ ಪಟ್ಟಿ, ಖಾಲಿ ಸೀಸೆ ಎಲ್ಲವನ್ನೂ ಕೊಂಡೊಯ್ಯಿರಿ. ನಾಟಿ ಮದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ನಾಚಿಕೆಯಿಲ್ಲದೆ ಹೇಳಿ. ನಿಮ್ಮ ರೋಗವನ್ನು ಇಷ್ಟು ವರ್ಷ ನೋಡಿದವರು ನೀವೇ. ಹೊಸ ಡಾಕ್ಟರಿಗೆ ಅದನ್ನು ಪರಿಚಯ ಮಾಡಿಸಬೇಕಾದವರೂ ನೀವೇ. ಬಾಯಿ ಬಿಟ್ಟು ಹೇಳಿ!