ಎರಡು ತುಂಡು, ಒಬ್ಬ ವೆಲ್ಡರ್

ಬೆಳಗಿನಿಂದ ಶೆಡ್ಡಿನಲ್ಲಿ ಪರೀಕ್ಷೆ ನಡೆದಿತ್ತು. ಬೇಕಾಗಿದ್ದುದು ಇಬ್ಬರು ವೆಲ್ಡರುಗಳು, ಒಬ್ಬ ಸಿಕ್ಕಿದ್ದ. ಇನ್ನೊಬ್ಬನಿಗಾಗಿ ಮೇಸ್ತ್ರಿ ಬಂದವರನ್ನೆಲ್ಲ ಜರಡಿ ಹಿಡಿಯುತ್ತಿದ್ದರು. ಕೊನೆಗೆ ಬಂದವನು ಚೀಲದಿಂದ ಒಂದು ಕಬ್ಬಿಣದ ತುಂಡು ತೆಗೆದು, "ನನ್ನ ಹಳೇ ಕೆಲಸ" ಎಂದು ಮುಂದಿಟ್ಟ. ಮೇಸ್ತ್ರಿ ಬೆಸುಗೆಯ ಮೇಲೆ ಹೆಬ್ಬೆರಳು ಎಳೆದರು. ಎಲ್ಲೂ ಏರಿಲ್ಲ, ಇಳಿದಿಲ್ಲ. ಅಬ್ಬಾ, ಇದು ಕೈಯೋ ಯಂತ್ರವೋ!

ಆದರೆ ಈಗಷ್ಟೇ ಪರೀಕ್ಷೆಗೆಂದು ಅವರ ಕಣ್ಣೆದುರೇ ಅವನು ಹಾಕಿದ ಬೆಸುಗೆ ಕುಡುಕನ ನಡಿಗೆಯಂತೆ ಸೊಟ್ಟಗೆ ಹೋಗಿತ್ತು.

"ಈ ಹಳೇ ತುಂಡು ಯಾರಪ್ಪಾ ಮಾಡಿದ್ದು?"

"ನಾನೇ ಮೇಸ್ತ್ರಿ."

"ನನ್ನ ಕಿವಿಗೇ ಹೂ ಇಡ್ತೀಯಾ?"

ಅವನು ತಲೆ ತಗ್ಗಿಸಿದ. ತಾನಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಹೆಂಡತಿಯ ದುಡಿಮೆಯಲ್ಲೇ ಮನೆ ನಡೆಯುತ್ತಿದೆಯೆಂದು ಬಂದಾಗಲೇ ಹೇಳಿದ್ದ.

ಬೈದು ಅಟ್ಟಬಹುದಿತ್ತು. ಆದರೆ ಮೇಸ್ತ್ರಿಯ ತಲೆಗೆ ಹುಳ ಹೊಕ್ಕಿತ್ತು. ಮೋಸ ಮಾಡುವವನು ಇಷ್ಟು ಒಳ್ಳೆಯ ತುಂಡು ಯಾಕೆ ತರುತ್ತಾನೆ? ಸಿಕ್ಕಿಬೀಳುವುದಿಲ್ಲವೇ? "ಇರಲಿ, ಈಗ ಹಾಕಿದ ಬೆಸುಗೆ ಮೇಲಿನ ಕರೀ ಕಿಟ್ಟ ಕೆಡವು, ನೋಡೋಣ" ಎಂದರು. ಅವನು ಬೇಸರದಲ್ಲಿ ಮೈಮರೆತು ಸುತ್ತಿಗೆ ಎತ್ತಿಕೊಂಡ. ಎಡಗೈಯಲ್ಲಿ! ಟಕಟಕನೆ ಕಿಟ್ಟ ಉದುರಿತು.

"ನೀನು ಎಡಚನಾ?"

ಸುತ್ತಿಗೆ ತಟ್ಟನೆ ಬಲಗೈಗೆ ಹೋಯಿತು. "ಎಡಗೈ ನೋಡ್ತಿದ್ದ ಹಾಗೇ ಹೋದಲ್ಲೆಲ್ಲ ಬೇಡ ಅಂದ್ರು. ಅದಕ್ಕೇ ಇಲ್ಲಿ ಬಲಗೈಲಿ..."

ಎಡಚರನ್ನು ಈ ಶೆಡ್ಡಿಗೂ ಸೇರಿಸುತ್ತಿರಲಿಲ್ಲ. ಆ ರೂಢಿ ಮೇಸ್ತ್ರಿಯದೇ. "ಇಲ್ಲಿ ಕೇಬಲ್ಲೆಲ್ಲ ಬಲಗಡೆಗಿದೆಯಪ್ಪಾ. ಎಡಗೈಗೆ ಎಳೆದ್ರೆ ಕಾಲಿಗೆ ತೊಡರುತ್ತೆ. ಯಾರಾದ್ರೂ ಬಿದ್ರೆ ನಾನು ತಾನೇ ಹೊಣೆ?"

"ಕೇಬಲ್ಲೇನು ಬೇರು ಬಿಟ್ಟಿದೆಯಾ ಮೇಸ್ತ್ರಿ?" ಎಂದುಬಿಟ್ಟ ಅವನು; ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡ.

ಮೇಸ್ತ್ರಿ ಕೇಬಲ್ಲನ್ನೇ ನೋಡಿದರು. ಇದನ್ನು ಬಲಕ್ಕೆ ಹಾಕಿದ್ದು ಯಾರು? ತಾನೇ. ಯಾಕೆ? ತನ್ನದು ಬಲಗೈ ಅಂತ. ಅಷ್ಟೇ! ಇಷ್ಟಕ್ಕೆ ಎಷ್ಟು ಜನರನ್ನು ಬರಿಗೈಯಲ್ಲಿ ಕಳಿಸಿದೆನೋ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಬಗ್ಗಿ, ಕೇಬಲ್ಲನ್ನು ಯಂತ್ರದ ಹಿಂದಿನಿಂದ ಸುತ್ತಿಸಿ ಎಡಕ್ಕೆ ಎಳೆದು ತಂದರು. ಸೊಂಟ ಹಿಡಿದುಕೊಂಡೇ, "ಹೂಂ, ಈಗ ಹಾಕು" ಎಂದರು.

ಕಿಡಿ ಹತ್ತಿತು. ಮುಖಕವಚ ಹಿಡಿದು ಮೇಸ್ತ್ರಿ ಪಕ್ಕದಲ್ಲೇ ನಿಂತರು. ಬೆಸುಗೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹದದಲ್ಲಿ ಸಾಗಿತು. ಮುಗಿದ ಮೇಲೆ ಅವನು ಕವಚ ಎತ್ತಿ ಅವರ ಮುಖ ನೋಡಿದ.

"ನಿನ್ನ ಬಲಗೈಗೆ ಇಲ್ಲಿ ಕೆಲಸ ಇಲ್ಲ ಕಣಯ್ಯಾ" ಎಂದರು ಮೇಸ್ತ್ರಿ. "ನಾಳೆ ಬರೋವಾಗ ಎಡಗೈನೇ ಕರ್ಕೊಂಡು ಬಾ."