ಸದಾ ನೂರು ತೋರಿಸುತ್ತಿದ್ದ ಬ್ಯಾಟರಿ

ಅಕ್ಕ ವರ್ಷಗಟ್ಟಲೆ ಬಸ್ ಕಂಡಕ್ಟರ್ ಆಗಿದ್ದವಳು. ಹಿಂಬಾಗಿಲಲ್ಲಿ ನಿಂತು ಅವಳು ಕೂಗಿದರೆ ಡ್ರೈವರನ ಪಕ್ಕ ತೂಕಡಿಸುತ್ತಿದ್ದವರೂ ಬೆಚ್ಚಿ ಟಿಕೆಟ್ ತೆಗೆದು ತೋರಿಸುತ್ತಿದ್ದರು. ಸ್ನಾಯುಗಳು ಒಂದೊಂದಾಗಿ ಕೈಕೊಡುವ ಕಾಯಿಲೆ ಬಂದು ಮೊದಲು ಕಾಲು ಹೋಯಿತು, ಆಮೇಲೆ ಕೈ, ಕಡೆಗೆ ಉಸಿರೆಳೆಯುವ ಬಲವೂ ಹೋಯಿತು. ಈಗ ಅವಳ ಮೂಗಿಗೊಂದು ಮಾಸ್ಕು, ಮಾಸ್ಕಿಗೊಂದು ಕೊಳವೆ, ಕೊಳವೆಯ ಆಚೆ ತುದಿಗೆ ಕಿಟಕಿಯ ಕೆಳಗಿನ ಸ್ಟೂಲಿನ ಮೇಲೆ ಕೂತ ಉಸಿರಾಟದ ಯಂತ್ರ. ಯಂತ್ರ ಗಾಳಿ ಒತ್ತುವಾಗ ಸುಮ್ಮನಿರಬೇಕು, ಬಿಡುವಾಗ ಮಾತಾಡಬೇಕು. ಹಾಗಾಗಿ ಅವಳ ಮಾತು ತುಂಡುತುಂಡಾಗಿ ಬರುತ್ತಿತ್ತು. ಅದರ ಹರಿತ ಮಾತ್ರ ಒಂದು ಚೂರೂ ಕಡಿಮೆಯಾಗಿರಲಿಲ್ಲ.

ಅವಳ ತಮ್ಮ ದರ್ಜಿ. ಅಕ್ಕನನ್ನು ಒಬ್ಬಳನ್ನೇ ಬಿಡಲಾಗದೆ ಅಂಗಡಿ ಖಾಲಿ ಮಾಡಿ, ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಮಷೀನನ್ನು ಅವಳ ಕೋಣೆಗೇ ತಂದುಕೊಂಡಿದ್ದ. ಅವನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮನೆ ನಾಲ್ಕನೇ ಮಹಡಿಯಲ್ಲಿತ್ತು. ತಮ್ಮ ಹುಟ್ಟಾ ಪುಕ್ಕಲು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ಮೆಟ್ಟಿಲಿಂದ ವಾಪಸು ಬರುವ ಜಾತಿ. ಅಂಥವನಿಗೆ ಆ ಯಂತ್ರದ ಪರದೆಯ ಮೂಲೆಯಲ್ಲಿದ್ದ ಪುಟ್ಟ ಬ್ಯಾಟರಿ ಚಿತ್ರವೇ ದೊಡ್ಡ ಧೈರ್ಯ. ಅದರ ಪಕ್ಕ ಯಾವಾಗಲೂ ನೂರು. ಕಸ ಗುಡಿಸಲೂ ಪ್ಲಗ್ ತೆಗೆಯಲು ಅವನು ಬಿಡುತ್ತಿರಲಿಲ್ಲ. ಆ ಬೀದಿಯಲ್ಲಿ ಕರೆಂಟು ಹೋಗುವುದೇ ಅಪರೂಪ, ಹೋದರೂ ನಿಮಿಷದೊಳಗೆ ಬಂದುಬಿಡುತ್ತಿತ್ತು.

"ನಿನ್ನ ಮಾರ್ಕ್ಸ್ ಕಾರ್ಡಲ್ಲಿ... ಒಂದು ಸಲಾನೂ ಕಾಣದ ನಂಬರು," ಎನ್ನುತ್ತಿದ್ದಳು ಅಕ್ಕ. "ಅದಕ್ಕೇ... ಅಷ್ಟು ಪ್ರೀತಿ."

ಆ ದಿನ ಮಧ್ಯಾಹ್ನ ಕರೆಂಟು ಹೋಯಿತು. ಬೀದಿಯ ಕೊನೆಯಲ್ಲಿ ಏನೋ ಅಗೆಯುತ್ತಿದ್ದವರು ಕೇಬಲ್ಲಿಗೇ ಹಾರೆ ಹಾಕಿದ್ದರು ಎಂದು ಆಮೇಲೆ ತಿಳಿಯಿತು. ಫ್ಯಾನು ನಿಂತಿತು. ಉಸಿರಿನ ಯಂತ್ರ ಕುಂಯ್ ಎಂದು, ಒಂದು ಉಸಿರೂ ತಪ್ಪಿಸದೆ, ಬ್ಯಾಟರಿಗೆ ಬದಲಾಯಿಸಿಕೊಂಡಿತು. ತಮ್ಮ ಪರದೆ ನೋಡಿದ. ನೂರು. ನಾಲ್ಕು ಗಂಟೆ ಆರಾಮಾಗಿ ಬರುತ್ತದೆ ಎಂದು ಯಂತ್ರ ಕೊಟ್ಟವರು ಹೇಳಿದ್ದರು. ಅವನು ಅಂಗಿಯ ಕಾಲರಿಗೆ ಮತ್ತೆ ಸೂಜಿ ಇಳಿಸಿದ.

"ಸೆಕೆ," ಎಂದಳು ಅಕ್ಕ. "ಆ ಕಿಟಕಿ... ಇನ್ನೊಂಚೂರು ತೆಗಿ."

ಕಿಟಕಿ ತೆಗೆದು ತಿರುಗುವಾಗ ಕಣ್ಣು ಪರದೆಯ ಮೇಲೆ ಹಾಯಿತು. ಎಂಬತ್ತೆಂಟು. ತಪ್ಪಾಗಿ ಓದಿದೆನೇನೋ ಎಂದು ಬಗ್ಗಿದ. ನೋಡುತ್ತಿದ್ದಂತೆಯೇ ಅದು ಎಪ್ಪತ್ತೊಂದಾಯಿತು. ನಡುವಿನ ಅಂಕಿಗಳೆಲ್ಲ ಎಲ್ಲಿ ಹೋದವು? ಆಮೇಲೆ ನಲವತ್ತು. ಆಮೇಲೆ ಪರದೆ ಕಪ್ಪಾಯಿತು, ಯಂತ್ರ ಕಿವಿ ಸೀಳುವ ಹಾಗೆ ಒಂದು ಉದ್ದನೆಯ ಕೂಗು ಹಾಕಿತು. ಅದೂ ಸೊರಗಿ ನಿಂತಿತು.

ಕೋಣೆಯಲ್ಲಿ ಅಷ್ಟು ನಿಶ್ಶಬ್ದವನ್ನು ಅವನು ಕೇಳಿ ವರ್ಷಗಳಾಗಿದ್ದವು.

ಅವನು ಗರಬಡಿದವನಂತೆ ಯಂತ್ರವನ್ನೇ ನೋಡುತ್ತ ನಿಂತ. ಬಟನ್ ಒತ್ತಿದ. ಮತ್ತೆ ಒತ್ತಿದ. ಪ್ಲಗ್ಗನ್ನು ಗೋಡೆಗೆ ಇನ್ನೂ ಬಲವಾಗಿ ತುರುಕಿದ. ಕರೆಂಟೇ ಇಲ್ಲದ ಗೋಡೆಗೆ. ತಿರುಗಿದಾಗ ಅಕ್ಕನ ಮುಖ ಕಂಡಿತು. ಕತ್ತಿನ ನರಗಳು ಹಗ್ಗದಂತೆ ಎದ್ದಿದ್ದವು, ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಕಣ್ಣುಗಳು ಮಾತ್ರ ಬೀರುವನ್ನು ನೋಡುತ್ತಿದ್ದವು, ಅವನನ್ನು ನೋಡುತ್ತಿದ್ದವು, ಮತ್ತೆ ಬೀರುವನ್ನು.

ಬೀರುವಿನಲ್ಲಿ ಕೈಯಿಂದ ಹಿಚುಕಿ ಉಸಿರು ಕೊಡುವ ರಬ್ಬರ್ ಚೀಲವಿತ್ತು. ಆಸ್ಪತ್ರೆಯ ನರ್ಸಮ್ಮ ಕಲಿಸಿ ಕಳಿಸಿದ್ದರು. ಮನೆಗೆ ತಂದ ಮೇಲೆ ಅವನು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ, ಮುಟ್ಟಿದರೆ ಅಪಶಕುನ ಎನ್ನುವ ಹಾಗೆ. ಬಟ್ಟೆಗಳನ್ನೆಲ್ಲ ನೆಲಕ್ಕೆಳೆದು, ಪ್ಲಾಸ್ಟಿಕ್ ಕವರನ್ನು ಹಲ್ಲಿನಿಂದ ಹರಿದು, ಯಂತ್ರದ ಮಾಸ್ಕನ್ನು ಕಿತ್ತು, ಚೀಲದ ಮಾಸ್ಕನ್ನು ಅಕ್ಕನ ಮೂಗು ಬಾಯಿಗಳ ಮೇಲೆ ಒತ್ತಿ ಹಿಚುಕಿದ. ಗಾಳಿ ಪಕ್ಕದಿಂದ ಬುಸ್ಸೆಂದು ಸೋರಿತು. ಗದ್ದ ಎತ್ತಿ, ಇನ್ನೂ ಬಿಗಿಯಾಗಿ ಒತ್ತಿ ಮತ್ತೆ ಹಿಚುಕಿದ. ಈ ಸಲ ಎದೆ ಮೇಲೆದ್ದಿತು.

"ಬಂತಾ? ಅಕ್ಕಾ, ಗಾಳಿ ಬಂತಾ?"

ಅವಳು ಒಮ್ಮೆ ರೆಪ್ಪೆ ಮುಚ್ಚಿ ತೆರೆದಳು.

ಹಿಚುಕು, ಬಿಡು. ಹಿಚುಕು, ಬಿಡು. ಆದರೆ ಇದ್ದ ಎರಡು ಕೈಗಳೂ ಅದಕ್ಕೇ ಆದವು: ಒಂದು ಮಾಸ್ಕಿಗೆ, ಒಂದು ಚೀಲಕ್ಕೆ. ಫೋನು ಹೊಲಿಗೆ ಮಷೀನಿನ ಮೇಲಿತ್ತು. ಹತ್ತು ಹೆಜ್ಜೆಯೂ ಇಲ್ಲ, ಆದರೂ ಇನ್ನೊಂದು ಊರಿನಲ್ಲಿದ್ದಷ್ಟು ದೂರ. "ಯಾರಾದ್ರೂ ಬನ್ರೀ!" ಎಂದು ಕೂಗಿದ. ನಾಲಿಗೆ ಒಣಗಿ ಧ್ವನಿ ಬಾಗಿಲು ದಾಟಲಿಲ್ಲ. ಆಗ ಮಂಚದ ಕಂಬಕ್ಕೆ ತೂಗುಹಾಕಿದ್ದ ಅಕ್ಕನ ಕೆಲಸದ ಕಾಲದ ವಿಷಲ್ ಕಣ್ಣಿಗೆ ಬಿತ್ತು. ಬಗ್ಗಿ ಅದನ್ನು ಬಾಯಿಂದಲೇ ಕಚ್ಚಿ ಹಿಡಿದು, ಹಿಚುಕುವುದನ್ನು ನಿಲ್ಲಿಸದೆ, ತೆರೆದ ಕಿಟಕಿಯತ್ತ ಎರಡೆರಡು ಸಲ ಊದತೊಡಗಿದ.

ನೆಲಮಹಡಿಯಲ್ಲಿ ಜೆರಾಕ್ಸ್ ಅಂಗಡಿ ಇತ್ತು. ಅದರ ಯಜಮಾನನನ್ನು ಎಲ್ಲರೂ ಜೆರಾಕ್ಸ್ ಅಣ್ಣ ಎಂದೇ ಕರೆಯುತ್ತಿದ್ದರು. ದಪ್ಪನೆಯ ಆಸಾಮಿ, ಮೂಗಿನ ತುದಿಯಲ್ಲೇ ಕೋಪ. ಯಾವುದೋ ಪೋಕರಿಗಳ ಕಾಟವೆಂದುಕೊಂಡು ಬೈಯುತ್ತಲೇ ಮೆಟ್ಟಿಲೇರಿ ಬಂದ ಅವನು ಬಾಗಿಲಲ್ಲಿ ಕಂಡದ್ದನ್ನು ನೋಡಿ ಬೈಗುಳವನ್ನು ಅರ್ಧಕ್ಕೇ ನುಂಗಿದ.

"ಆಂಬುಲೆನ್ಸ್‌ಗೆ ಫೋನ್ ಮಾಡಣ್ಣ," ಎಂದ ತಮ್ಮ, ವಿಷಲ್ ಉಗುಳಿ. "ಬ್ಯಾಟರಿ ಸತ್ತೋಯ್ತು. ನೂರಿತ್ತು, ಅಣ್ಣ. ಈಗ್ತಾನೆ ನೂರಿತ್ತು."

ಜೆರಾಕ್ಸ್ ಅಣ್ಣ ಫೋನ್ ಮಾಡಿದ. ಬೀದಿ ಅಗೆದಿರುವುದರಿಂದ ಸುತ್ತಿಕೊಂಡು ಬರಬೇಕು, ತಡವಾಗಬಹುದು ಎಂದರು. ಅವನು ಯಂತ್ರವನ್ನೂ ಅದರ ವಯರನ್ನೂ ಒಮ್ಮೆ ದಿಟ್ಟಿಸಿದ.

"ನಂ ಅಂಗಡೀಲಿ ಯುಪಿಎಸ್ ಇದೆಯಲ್ಲೋ! ತಂದ್ಬಿಡ್ತೀನಿ, ತಡ್ಕೋ."

"ನಾಲ್ಕು ಮಹಡಿ ಅಣ್ಣ, ಲಿಫ್ಟಿಲ್ಲ..."

"ನೀನು ಹಿಚುಕಯ್ಯಾ ಸುಮ್ನೆ!"

ಆಮೇಲೆ ಎಷ್ಟು ಹೊತ್ತಾಯಿತೋ ತಮ್ಮನಿಗೆ ಗೊತ್ತಿಲ್ಲ. ಬೆರಳುಗಳು ಮರಗಟ್ಟಿದವು, ಮಣಿಕಟ್ಟು ಸೆಟೆದುಕೊಂಡಿತು. ಒಂದು ಗಳಿಗೆ ಲಯ ತಪ್ಪಿ ಬೇಗಬೇಗ ಹಿಚುಕಿದಾಗ ಅಕ್ಕನ ಹುಬ್ಬು ಗಂಟಿಕ್ಕಿತು. ಆಗ ಅವನಿಗೆ ಅರಿವಿಲ್ಲದೆಯೇ ಕಾಲು ನೆಲವನ್ನು ತುಳಿಯತೊಡಗಿತು, ಮಷೀನಿನ ಪೆಡಲನ್ನು ತುಳಿಯುವಂತೆ. ದಪ್ಪ ಬಟ್ಟೆ ಹೊಲಿಯುವಾಗಿನ ನಿಧಾನದ ತುಳಿತ. ಕೈ ಕಾಲಿನ ಹಿಂದೆ ನಡೆಯಿತು. ಅಕ್ಕನ ಹುಬ್ಬು ಸಡಿಲವಾಯಿತು.

ಮೆಟ್ಟಿಲಲ್ಲಿ ಏದುಸಿರು ಕೇಳಿತು. "ವಾಲಿಸ್ಬೇಡ, ವಾಲಿಸ್ಬೇಡ, ಆಸಿಡ್ ಚೆಲ್ಲುತ್ತೆ!" ಜೆರಾಕ್ಸ್ ಅಣ್ಣನೂ ಎರಡನೇ ಮಹಡಿಯ ಪೇಂಟರೂ ಗುಂಡುಕಲ್ಲಿನಷ್ಟು ಭಾರದ ಸೀಸದ ಬ್ಯಾಟರಿಯನ್ನು ಹೆಣ ಹೊತ್ತವರಂತೆ ತಂದು ಇಳಿಸಿದರು. ಪೇಂಟರ್ ಮತ್ತೆ ಕೆಳಗೋಡಿ ಯುಪಿಎಸ್ ಪೆಟ್ಟಿಗೆ ತಂದ. ಜೆರಾಕ್ಸ್ ಅಣ್ಣ ಕೆಂಪು ವಯರಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ, ಯಂತ್ರದ ಪ್ಲಗ್ಗನ್ನು ಪೆಟ್ಟಿಗೆಗೆ ಹಾಕಿದ. ಯಂತ್ರದ ಪರದೆ ಬೆಳಗಿತು. ಕೊಳವೆಯಲ್ಲಿ ಗಾಳಿ ಹರಿಯಿತು. ಅಕ್ಕನ ಮೂಗಿಗೆ ಮತ್ತೆ ಅದರ ಮಾಸ್ಕು ಕಟ್ಟಿದ ತಮ್ಮ ಅಲ್ಲೇ ಕುಸಿದು ಕೂತ. ಅವನ ಬೆರಳುಗಳು ಮಾತ್ರ ಖಾಲಿ ಗಾಳಿಯನ್ನು ಹಿಚುಕುತ್ತಲೇ ಇದ್ದವು.

ಅಕ್ಕನ ತುಟಿಗೆ ಬಣ್ಣ ಬಂದ ಮೇಲೆ ಮೊದಲ ಮಾತು ಹೊರಟಿತು. "ದಡ್ಡ... ಡಬಲ್ ವಿಷಲ್ ಯಾಕೆ ಹೊಡ್ದೆ? ಡಬಲ್ ಅಂದ್ರೆ... ರೈಟ್, ಹೊರಡು ಅಂತ. ನಿಲ್ಸೋಕೆ... ಒಂದೇ."

ಯಾರಿಗೂ ನಗು ಬರಲಿಲ್ಲ. ಪೇಂಟರ್ ಗೋಡೆಗೆ ಮುಖ ಮಾಡಿ ನಿಂತು ಅಳುತ್ತಿದ್ದ.

ತಡವಾಗಿ ಬಂದ ಆಂಬುಲೆನ್ಸಿನಲ್ಲಿ ಹೋಗಿ, ಎರಡು ದಿನ ಆಸ್ಪತ್ರೆಯಲ್ಲಿದ್ದು ಅಕ್ಕ ಮನೆಗೆ ಬಂದಳು. ಬದಲಿ ಯಂತ್ರವೂ ಬಂದಿತ್ತು. ಹಳೆಯದನ್ನು ನೋಡಲು ಕಂಪನಿಯಿಂದ ಬಂದ ಟೆಕ್ನಿಷಿಯನ್ ಹೆಂಗಸು ಬ್ಯಾಟರಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಅದು ಸಮನಾಗಿ ಕೂರಲಿಲ್ಲ. ಹೊಟ್ಟೆ ಉಬ್ಬಿತ್ತು.

"ಪ್ಲಗ್ ಯಾವಾಗ್ಲೂ ಹಾಕೇ ಇರ್ತಿತ್ತಾ?"

"ಒಂದು ದಿನಾನೂ ತೆಗ್ದಿಲ್ಲ ಮೇಡಂ," ಎಂದ ತಮ್ಮ. ಆ ದಿನದವರೆಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತು ಅದು.

ಅವಳು ಉಬ್ಬಿದ ಕಡೆ ಬೆರಳಿಟ್ಟು ತೋರಿಸಿದಳು. "ಇದು ಲಿಥಿಯಂ. ಒಳಗೆ ಎರಡು ಪದರ ಇರ್ತವೆ. ಚಾರ್ಜ್ ಮಾಡಿದ್ರೆ ಲಿಥಿಯಂ ಎಲ್ಲ ಒಂದು ಕಡೆ ಹೋಗಿ ಒತ್ತಿಕೊಂಡು ಕೂರುತ್ತೆ, ಬಳಸಿದ್ರೆ ಇನ್ನೊಂದು ಕಡೆಗೆ ವಾಪಸ್ ಬರುತ್ತೆ. ಹೀಗೆ ಓಡಾಡ್ತಿದ್ರೆ ಚೆನ್ನ. ವರ್ಷಾನುಗಟ್ಟಲೆ ತುಂಬಿಸಿಯೇ ಇಟ್ರೆ, ಅದ್ರಲ್ಲೂ ಕಿಟಕಿ ಬಿಸಿಲಲ್ಲಿಟ್ರೆ, ಒಳಗೊಳಗೇ ಸವೆಯುತ್ತೆ."

ತಮ್ಮ ತನ್ನ ಮಷೀನಿನ ಕಡೆ ನೋಡಿದ. "ಎಲಾಸ್ಟಿಕ್ ಥರ. ಎಳೆದು ಕಟ್ಟಿಯೇ ಇಟ್ರೆ ಸತ್ತೋಗುತ್ತೆ."

"ಹೆಚ್ಚು ಕಡಿಮೆ ಹಾಗೇ."

"ಮತ್ತೆ ನೂರು ತೋರಿಸ್ತಿತ್ತಲ್ಲ?"

"ಆ ನಂಬರು ಅಳತೆ ಅಲ್ಲ, ಅಂದಾಜು. ಒಂದು ಸಲಾನೂ ಇಳಿದಿಲ್ಲ ಅಂದ್ರೆ ಅದಕ್ಕೇನು ಗೊತ್ತಾಗುತ್ತೆ? ಹೊಸದಿದ್ದಾಗಿನ ಲೆಕ್ಕಾನೇ ಹೇಳ್ತಿತ್ತು. ಲೋಟ ಕುಗ್ಗಿ ಬೆರಳುದ್ದ ಆದ್ರೂ, ತುಂಬಿದ್ರೆ ನೂರೇ ಅಲ್ವಾ? ಆಗಾಗ ಬ್ಯಾಟರಿ ಮೇಲೆ ಓಡಿಸಿ ನೋಡ್ಬೇಕು. ನಮ್ಮವರು ಬಂದು ನೋಡ್ಬೇಕಿತ್ತು, ಹೇಳ್ಬೇಕಿತ್ತು. ಹೇಳಿಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಜೆರಾಕ್ಸ್ ಅಣ್ಣನ ಮುಖ ಬಿಳಿಚಿಕೊಂಡಿತು. "ಯಾವಾಗ್ಲೂ ಫುಲ್ ಇಡು ಅಂತ ಇವನಿಗೆ ಹೇಳ್ಕೊಟ್ಟವನೇ ನಾನು. ನಂದು ಹಾಗೇ ಇಟ್ಟಿದ್ದೀನಿ, ಚೆನ್ನಾಗೇ ಇದೆ."

"ನಿಮ್ದು ಸೀಸದ್ದು. ಅದನ್ನ ಹಸಿದ ಹೊಟ್ಟೇಲಿಟ್ರೆ ಕೆಡುತ್ತೆ, ಹೊಟ್ಟೆ ತುಂಬಿದ್ರೆ ಕ್ಷೇಮ. ಇದಕ್ಕೆ ಅರೆಹೊಟ್ಟೆ ಹಿತ. ಎರಡಕ್ಕೂ ಬ್ಯಾಟರಿ ಅಂತಾನೇ ಹೆಸರು, ಏನ್ಮಾಡೋದು!"

ಜೆರಾಕ್ಸ್ ಅಣ್ಣ ಗೋಡೆಗೆ ಒರಗಿದ. ಅಕ್ಕನನ್ನು ಕಾಯುತ್ತಿದ್ದೇನೆಂದು ದಿನಾ ಆ ಪ್ಲಗ್ಗನ್ನು ಮುಟ್ಟಿ ನೋಡುತ್ತಿದ್ದ ತಮ್ಮನಿಗೆ, ಕಾಯುತ್ತ ಕಾಯುತ್ತಲೇ ಅವಳ ಉಸಿರನ್ನು ಸವೆಸಿದೆನಲ್ಲ ಎಂಬುದು ಆಗ ಹೊಳೆಯಿತು.

ಹೊಸ ಬ್ಯಾಟರಿಯ ಜೊತೆಗೆ ಇನ್ನೊಂದನ್ನು ಅರ್ಧ ತುಂಬಿಸಿ ತಂಪಾದ ಕಡೆ ಇಟ್ಟರು. ತಿಂಗಳಿಗೊಮ್ಮೆ, ಇಬ್ಬರಿರುವಾಗ, ಪ್ಲಗ್ ತೆಗೆದು ಪರೀಕ್ಷಿಸಬೇಕು ಎಂದು ಟೆಕ್ನಿಷಿಯನ್ ಹೇಳಿಹೋದಳು.

ಮೊದಲ ಪರೀಕ್ಷೆಯ ದಿನ ಹೆಂಡತಿ ರಜೆ ಹಾಕಿದಳು. ತಮ್ಮ ಗೋಡೆಯ ಮುಂದೆ ಕೂತ. ಕೈ ಪ್ಲಗ್ಗಿನ ಹತ್ತಿರ ಹೋಗುತ್ತಿತ್ತು, ವಾಪಸು ಬರುತ್ತಿತ್ತು.

"ನನ್ ಕೈಲಾಗಲ್ಲ ಕಣಕ್ಕ."

"ಅವತ್ತು... ನಾನು ನಿನ್ನ ಕೂಗ್ತಿದ್ದೆ," ಎಂದಳು ಅಕ್ಕ. "ನೀನು ಯಂತ್ರ ನೋಡ್ತಾ... ನಿಂತಿದ್ದೆ. ಎಷ್ಟು ಕೂಗಿದೆ ಗೊತ್ತಾ? ಸದ್ದೇ... ಬರ್ಲಿಲ್ಲ."

ತಾನು ನಿಂತದ್ದು ಒಂದು ಕ್ಷಣ ಎಂದೇ ಅವನು ನಂಬಿದ್ದ.

"ಬೈತಿಲ್ಲ ಕಣೋ," ಎಂದಳು ಅವಳು. "ಇನ್ಮೇಲೆ... ನನ್ನ ನೋಡು. ಅದನ್ನ ಅಲ್ಲ."

ಅವನು ಉಸಿರಿನ ರಬ್ಬರ್ ಚೀಲ ಎತ್ತಿಕೊಂಡು ಬಂದು ಮಂಚದ ಪಕ್ಕ ಕೂತು ಅವಳ ಮುಖದ ಮೇಲೆ ಕಣ್ಣು ನೆಟ್ಟ. ಹೆಂಡತಿ ಗೋಡೆಯ ಹತ್ತಿರ ಹೋಗಿ, "ತೆಗೀತಿದ್ದೀನಿ," ಎಂದು ಹೇಳಿ, ಪ್ಲಗ್ ಎಳೆದಳು. ಯಂತ್ರ ಕುಂಯ್ ಎಂದಿತು. ಅಕ್ಕನ ಎದೆ ಏರಿತು, ಇಳಿಯಿತು, ಏರಿತು.

"ತೊಂಬತ್ತೊಂಬತ್ತು," ಎಂದಳು ಹೆಂಡತಿ. ತುಂಬ ಹೊತ್ತಿನ ಮೇಲೆ, "ತೊಂಬತ್ತೆಂಟು."

ಕೆಳಗೆ ಬೀದಿಯಲ್ಲಿ ಒಂದು ಬಸ್ಸು ಏರು ಹತ್ತಲಾರದೆ ಗರಗರ ಎಂದಿತು. ಅಕ್ಕ ಅತ್ತ ಕಿವಿಗೊಟ್ಟಳು. "ಹೊಸ ಡ್ರೈವರ್ರು," ಎಂದಳು, ಯಂತ್ರ ಉಸಿರು ಬಿಡುವವರೆಗೆ ಕಾದು. "ಗೇರು... ಬೀಳ್ತಾನೇ ಇಲ್ಲ."

ತಮ್ಮ ಹೂಂ ಎಂದ. ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.